ಗೋಧಿ ಸಾಲಿನ ಪಕ್ಕ ಗಂಡ ಹೆಂಡತಿ

ಪ್ರಶ್ನೆ: ಗೇನ್ಸ್‌ಬರೋ ಬರೆದ 'ಮಿಸ್ಟರ್ ಅಂಡ್ ಮಿಸೆಸ್ ಆಂಡ್ರ್ಯೂಸ್' ಚಿತ್ರದಲ್ಲಿ ಗಂಡ ಹೆಂಡತಿ ಎಡಗಡೆಗೆ ಸರಿದಿದ್ದಾರೆ, ಮಿಕ್ಕಿದ್ದೆಲ್ಲ ಹೊಲ. ಹೆಂಗಸಿನ ಮಡಿಲಲ್ಲಿ ಕಂದು ಮಚ್ಚೆಯಂಥದ್ದು ಕಾಣುತ್ತದೆ. ಯಾಕೆ ಹೀಗೆ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಹೊಲ ಇಲ್ಲಿ ಹಿನ್ನೆಲೆಯಲ್ಲ, ಅವರಿಬ್ಬರಷ್ಟೇ ಮುಖ್ಯ. ರಾಬರ್ಟ್ ಆಂಡ್ರ್ಯೂಸ್ ಮತ್ತು ಫ್ರಾನ್ಸಿಸ್ ಕಾರ್ಟರ್ ಮದುವೆಯಾದದ್ದು 1748ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಸಡ್ಬರಿಯಲ್ಲಿ. ಚಿತ್ರ ಸುಮಾರು 1750ರದ್ದು. ಅದೇ ಊರಲ್ಲಿ ಹುಟ್ಟಿದ ಗೇನ್ಸ್‌ಬರೋಗೆ ಆಗ ಇಪ್ಪತ್ಮೂರರ ಆಸುಪಾಸು.

ಬಲಗಡೆಯ ಗೋಧಿ ಕೂಳೆಯನ್ನು ಹತ್ತಿರದಿಂದ ನೋಡಿ. ದಾರ ಹಿಡಿದಂತೆ ಸಾಲು! ಕೈಯಲ್ಲಿ ಚೆಲ್ಲಿದ ಬೀಜ ಹೀಗೆ ಹುಟ್ಟುವುದಿಲ್ಲ. ರಾಗಿಗೆ ಕೂರಿಗೆ ಹೂಡುವ ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಾಲಿದ್ದರೆ ನಡುವೆ ಕುಂಟೆ ಹೊಡೆದು ಕಳೆ ತೆಗೆಯಬಹುದು, ಬೀಜವೂ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬಾತ 1701ರಲ್ಲಿ ಬಿತ್ತುವ ಯಂತ್ರ ಮಾಡಿ, 1731ರಲ್ಲಿ ಸಾಲು ಬೇಸಾಯದ ಪುಸ್ತಕ ಬರೆದ. ಚಿತ್ರ ಬರೆಯುವ ಹೊತ್ತಿಗೆ ಅದಿನ್ನೂ ಹೊಸತು. 'ನಾವು ಹೊಸ ಪದ್ಧತಿಯ ಬೇಸಾಯಗಾರರು' ಎಂದು ಆ ಸಾಲುಗಳೇ ಸಾರುತ್ತಿವೆ. ದೂರದಲ್ಲಿ ಕುರಿಗಳಿಗೆ ಬೇಲಿ, ಗೇಟು. ಊರವರೆಲ್ಲ ಮೇಯಿಸುತ್ತಿದ್ದ ಬಯಲುಗಳು ಒಬ್ಬೊಬ್ಬರ ಬೇಲಿಯೊಳಗೆ ಸೇರುತ್ತಿದ್ದ ಕಾಲ ಅದು. ಗಂಡನ ಕಂಕುಳಿನ ಬಂದೂಕೂ ಜಮೀನಿನ ಮಾತೇ: 1671ರ ಕಾಯ್ದೆಯಂತೆ ವರ್ಷಕ್ಕೆ ಕನಿಷ್ಠ 100 ಪೌಂಡ್ ಹುಟ್ಟುವಳಿಯ ಸ್ವಂತ ನೆಲವೋ ಅಂಥದೇ ಅಂತಸ್ತೋ ಇಲ್ಲದವರು ಬೇಟೆಯಾಡುವಂತಿರಲಿಲ್ಲ.

ಮಡಿಲಿನದು ಮಚ್ಚೆಯಲ್ಲ, ಬಣ್ಣ ತುಂಬದೆ ಬಿಟ್ಟ ಜಾಗ. ಹೊಡೆದ ಹಕ್ಕಿ, ಪುಸ್ತಕ, ಮುಂದೆ ಹುಟ್ಟುವ ಮಗು ಎಂದೆಲ್ಲ ಊಹೆಗಳಿವೆ. ಹಕ್ಕಿಯ ಊಹೆಯೇ ನಮಗೆ ಹೆಚ್ಚು ಒಪ್ಪುವಂಥದ್ದು. ಪಕ್ಕದಲ್ಲೇ ಬಂದೂಕು, ನಾಯಿ ಇವೆಯಲ್ಲ.

ಪ್ರಶ್ನೆ: ಇದೇ ಚಿತ್ರವನ್ನು ಶಾಲೆಗೆ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದರೆ ಹೊಲ ಕತ್ತರಿಸಿಹೋಗುತ್ತದೆ. ಏನು ಮಾಡಲಿ?
– ಚಿತ್ರಕಲಾ ಶಿಕ್ಷಕರು, ಮಾಲೂರು

ಉತ್ತರ: ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಮೂಲಚಿತ್ರದ ಅಳತೆ 69.8 × 119.4 ಸೆಂ.ಮೀ. ಎ3 ಹಾಳೆ ಅಷ್ಟು ಉದ್ದುದ್ದ ಇಲ್ಲ. ಹಾಳೆ ತುಂಬಿಸಿ ಎಂದರೆ ಅಂಗಡಿಯವರು ಪಕ್ಕ ಕತ್ತರಿಸಲೇಬೇಕು. ಅಗಲ 42 ಸೆಂ.ಮೀ. ಇಟ್ಟುಕೊಂಡು ಎತ್ತರ 24.5ಕ್ಕೆ ನಿಲ್ಲಿಸಲು ಹೇಳಿ. ಮೇಲೆ ಕೆಳಗೆ ಎರಡೂವರೆ ಸೆಂ.ಮೀ. ಬಿಳಿ ಉಳಿಯುತ್ತದೆ. ಫ್ರೇಮ್ ಹಾಕುವವರಿಗೂ ಆ ಬಿಳಿ ಅಂಚನ್ನೇ ಹಿಡಿಯಲು ಹೇಳಿ.