ಹಕ್ಕುಪತ್ರ ಇಲ್ಲ ಅಂತ ಟಾಯ್ಲೆಟ್ ಕಟ್ಟೋದು ನಿಲ್ಲಿಸ್ಬೇಡಿ

ನಮಸ್ಕಾರ ಅಕ್ಕ, ಘೋಷಣೆ ಆಗದ (ಅಂದ್ರೆ ಸರ್ಕಾರ ಅಧಿಕೃತವಾಗಿ ಸ್ಲಮ್ ಅಂತ ಗುರುತಿಸದ) ಸ್ಲಮ್‌ನಲ್ಲಿ ಸರ್ಕಾರಿ ಜಾಗದ ಮೇಲೆ ಮನೆ, ಹಕ್ಕುಪತ್ರ ಇಲ್ಲ, ಅದಕ್ಕೆ ಟಾಯ್ಲೆಟ್ ಸಹಾಯಧನ ಬರಲ್ಲ ಅಂದ್ರು, ಸ್ವಂತ ದುಡ್ಡು ಹಾಕ್ಲಾ ಅಂತ ಕೇಳಿದೀರ.

ಮೊದಲು ಒಂದು ವಿಷ್ಯ, ಸ್ವಚ್ಛ ಭಾರತ್ ನಗರ ಯೋಜನೆಯ 2014ರ ಮಾರ್ಗಸೂಚಿಲೇ ಸ್ಪಷ್ಟವಾಗಿ ಇದೆ, ಸ್ಲಮ್ ಘೋಷಣೆ ಆಗಿರ್ಲಿ ಆಗದೇ ಇರ್ಲಿ ಮನೆಗೆ ಸೌಲಭ್ಯ ಕೊಡ್ಬೇಕು, ಜಾಗದ ಹಕ್ಕಿನ ಪ್ರಶ್ನೆನ ಇದಕ್ಕೆ ತಳುಕು ಹಾಕಬಾರದು ಅಂತ. ಬಾಯಿಮಾತಲ್ಲಿ ಕೇಳ್ಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ, ಇಲ್ಲ ಅಂದ್ರೆ ಕಾರಣನೂ ಬರವಣಿಗೆಲಿ ಕೇಳಿ. ದೊಡ್ಡ ಹೆಣ್ಮಕ್ಕಳು ಕತ್ತಲಾಗ್ಲಿ ಅಂತ ಕಾಯ್ತಾರೆ ಅಂತ ಬರೆದಿದೀರಲ್ಲ, ಅದನ್ನ ಓದಿ ಸಂಕಟ ಆಯ್ತು.

ದುಡ್ಡು ಹಾಕೋದಾದ್ರೆ ನನ್ನ ಅಭಿಪ್ರಾಯ, ಬೀದಿಲಿ ಯುಜಿಡಿ ಲೈನ್ (ನೆಲದಡಿಯ ಒಳಚರಂಡಿ) ಇದ್ರೆ ಅದಕ್ಕೇ ಕನೆಕ್ಷನ್ ಕೇಳಿ. ಇಲ್ದಿದ್ರೆ, ಜಾಗ ಇದ್ರೆ ಮಾತ್ರ ಎರಡು ಇಂಗುಗುಂಡಿ, ಒಂದು ಸಲಕ್ಕೆ ಒಂದೇ ಬಳಸ್ಬೇಕು, ತುಂಬಿದ್ಮೇಲೆ ಇನ್ನೊಂದಕ್ಕೆ ತಿರುಗಿಸಿ ಮೊದಲನೇದನ್ನ ಎರಡು ವರ್ಷ ಮುಟ್ಟದೆ ಬಿಟ್ರೆ ಒಳಗಿರೋದು ಗೊಬ್ಬರ ಆಗುತ್ತೆ. ಹತ್ರ ಬಾವಿ ಬೋರ್‌ವೆಲ್ ಇದ್ರೆ ಕನಿಷ್ಠ 10 ಮೀಟರ್ ದೂರ ಇರ್ಲಿ, ಎರೆಮಣ್ಣಾದ್ರೆ ನೀರು ಬೇಗ ಇಂಗಲ್ಲ, ಗುಂಡಿ ದೊಡ್ಡದೇ ಬೇಕು. ಗೋಡೆಗೆ ಜಾಸ್ತಿ ಸುರಿಬೇಡಿ, ಜಾಗ ಖಾಲಿ ಮಾಡಿಸ್ತಾರೆ ಅನ್ನೋ ಭಯ ಇದ್ರೆ ಮೇಲ್ಗಡೆ ತಗಡು ಹಾಕಿ ಸಾಕು, ಬಿಚ್ಕೊಂಡು ಹೋಗ್ಬಹುದು.

ಟಾಯ್ಲೆಟ್ ಕಟ್ಟಿದ್ರೆ ಜಾಗದ ಹಕ್ಕು ಬರಲ್ಲ, ಅದು ಬೇರೆನೇ ದಾರಿ. ಭೂಕಂದಾಯ ಕಾಯ್ದೆಯ 94ಸಿಸಿ ಕಲಂ ಅಡಿ ಸರ್ಕಾರಿ ಜಾಗದ ಮನೆ ಸಕ್ರಮಕ್ಕೆ ಅವಕಾಶ ಇದೆಯಾ ಅಂತ ತಹಶೀಲ್ದಾರ್ ಆಫೀಸಲ್ಲಿ ವಿಚಾರಿಸಿ, 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆ ಮಾಡಿ ಅಂತ ಓಣಿಯವರೆಲ್ಲ ಸೇರಿ ಅರ್ಜಿ ಹಾಕಿ. ಕರೆಂಟ್ ಬಿಲ್, ರೇಷನ್ ಕಾರ್ಡ್, ಹಳೇ ರಸೀದಿ ಏನೂ ಬಿಸಾಕ್ಬೇಡಿ, ಎಷ್ಟು ವರ್ಷದಿಂದ ಇದೀರ ಅಂತ ತೋರ್ಸೋಕೆ ಅವೇ ಬೇಕು.