ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಅಂಕಗಳು ಚೆನ್ನಾಗಿ ಬಂದಿದ್ದರೂ ಅದೃಷ್ಟದಿಂದ ಬಂದವೇನೋ ಎಂಬ ಅನುಮಾನ ಬಿಡುವುದಿಲ್ಲ. ಸೆಮಿನಾರಿಗೆ ನಿಂತರೆ ಎದೆ ಹೊಡೆದುಕೊಂಡು, ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ. ಧೈರ್ಯ ಬಂದ ಮೇಲೆ ನೋಡೋಣವೆಂದು ಕೆಲಸಕ್ಕೆ ಅರ್ಜಿ ಹಾಕುವುದನ್ನೂ ಮುಂದೂಡುತ್ತಿದ್ದೇನೆ. ‘ನಿನ್ನ ಕೈಲಿ ಆಗುತ್ತೆ, ಹೆದರಬೇಡ’ ಎಂದು ಅವ್ವ ಹೇಳಿದಾಗ ಸಮಾಧಾನವಾಗುತ್ತದೆ. ಮಾರನೆಯ ದಿನ ಮತ್ತೆ ಅದೇ ಅಳುಕು. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಎದೆ ಹೊಡೆದುಕೊಳ್ಳುವುದಕ್ಕಿಂತ ನೀವು ಅರ್ಜಿ ಮುಂದೂಡುತ್ತಿರುವುದೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ಹೆದರಿಸುವ ಕೆಲಸವನ್ನು ತಪ್ಪಿಸಿಕೊಂಡಾಗ ಮನಸ್ಸು ತಕ್ಷಣ ಹಗುರಾಗುತ್ತದೆ. ಆ ಹಗುರಿನ ರುಚಿ ಹತ್ತಿದ ಮನಸ್ಸು ಮುಂದಿನ ಸಲವೂ ತಪ್ಪಿಸಿಕೊಳ್ಳಲೇ ನೋಡುತ್ತದೆ, ಹೆದರಿಕೆ ಮಾತ್ರ ಇದ್ದಲ್ಲೇ ಬಲಿಯುತ್ತದೆ.

ಒಂದು ಕೆಲಸ ತನ್ನಿಂದಾದೀತೆಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲಿ ವಿವರಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ನಾಲ್ಕು ಮೂಲಗಳನ್ನು ಹೆಸರಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು ಮತ್ತು ಆ ಹೊತ್ತಿನ ದೇಹಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ನಿಮ್ಮ ತಾಯಿಯವರ ಮಾತು ಮೂರನೆಯದು; ಅದರ ಹಿಂದೆ ನೀವೇ ಮಾಡಿ ನೋಡಿದ ಅನುಭವವಿಲ್ಲದಿದ್ದರೆ ಅದು ಬಹುಕಾಲ ನಿಲ್ಲದು. (ಟಿಕೆಟ್ ಕೊಟ್ಟು ಕೇಳುವ ಸ್ಫೂರ್ತಿ ಭಾಷಣಗಳ ಪಾಡೂ ಇದೇ.)

ಆದ್ದರಿಂದ ಮುಂದಿನ ಸೆಮಿನಾರಿಗೆ ಹೀಗೆ ಸಿದ್ಧರಾಗಿ. ತರಗತಿ ಖಾಲಿಯಿರುವ ಹೊತ್ತಿನಲ್ಲಿ ಬೋರ್ಡಿನ ಮುಂದೆ ನಿಂತು ಮೊದಲ ಎರಡು ನಿಮಿಷದ ಭಾಗವನ್ನಷ್ಟೇ ಗಟ್ಟಿಯಾಗಿ ಹೇಳಿ; ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ. ಪೂರ್ತಿ ಬಾಯಿಪಾಠ ಮಾಡಬೇಡಿ, ಏಕೆಂದರೆ ಹಾಗೆ ಕಲಿತದ್ದರಲ್ಲಿ ಒಂದು ಪದ ಜಾರಿದರೆ ಮುಂದಿನದೆಲ್ಲ ಕೈಕೊಡುತ್ತದೆ. ಮಾತು ಶುರುಮಾಡುವ ಮೊದಲೇ ಅಣುರಚನೆಯನ್ನು ಬೋರ್ಡಿನ ಮೇಲೆ ಬರೆಯಿರಿ: ಬರೆಯುವಾಗ ಕೇಳುಗರ ಕಣ್ಣು ನಿಮ್ಮ ಮುಖ ಬಿಟ್ಟು ಬೋರ್ಡಿನತ್ತ ಹೋಗುತ್ತದೆ, ಎಲೆಕ್ಟ್ರಾನುಗಳ ಚಲನೆ ತೋರಿಸುವ ಬಾಣಗಳನ್ನು ಒಂದೊಂದಾಗಿ ಎಳೆಯುತ್ತ ಹೋದಂತೆ ಮುಂದೆ ಏನು ಹೇಳಬೇಕೆಂಬುದೂ ತಾನಾಗಿ ಹೊಳೆಯುತ್ತದೆ. ಇದನ್ನೇ ಒಬ್ಬ ಗೆಳತಿಯ ಎದುರು ಮಾಡಿ, ಆಮೇಲೆ ತರಗತಿಯಲ್ಲಿ ನಿಲ್ಲಿ. ಎದೆಬಡಿತ ಆಗಲೂ ಇರುತ್ತದೆ. ಅದು ಅಡ್ರಿನಲಿನ್ನಿನ ಕೆಲಸವೇ ಹೊರತು ವಿಷಯ ಗೊತ್ತಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಕೊಂಚ ತಗ್ಗುತ್ತದೆ.

ಅದೃಷ್ಟದ ಅನುಮಾನ ನಿಮಗೊಬ್ಬರಿಗೇ ಬಂದದ್ದಲ್ಲ. ಸಾಧನೆ ಮಾಡಿದ ಮಹಿಳೆಯರಲ್ಲೇ ಇಂಥ ಭಾವನೆ ಇರುವುದನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ದಾಖಲಿಸಿದ್ದಾರೆ. ಬೇರೆ ಬೇರೆ ಪತ್ರಿಕೆಗಳಲ್ಲಿ, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಅಂಕ ಬರುತ್ತಲೇ ಇದ್ದರೆ ಅದಕ್ಕೆ ಅದೃಷ್ಟವೆನ್ನುವುದು ರಸಾಯನಶಾಸ್ತ್ರ ಓದಿದವರಿಗೆ ಒಪ್ಪುವ ತರ್ಕವಲ್ಲ. ಕಾನ್ವೆಂಟಿನಲ್ಲಿ ಓದಿದ ಸಹಪಾಠಿಗಳ ಇಂಗ್ಲಿಷನ್ನು ನೋಡಿ ಕುಗ್ಗುವ ಬದಲು, ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹಿರಿಯ ವಿದ್ಯಾರ್ಥಿನಿಯೊಬ್ಬರನ್ನು ಹುಡುಕಿ, ಅವರು ಮೊದಲ ಸೆಮಿನಾರನ್ನು ಹೇಗೆ ದಾಟಿದರೆಂದು ಕೇಳಿ.

ಅರ್ಜಿಯನ್ನು ಮಾತ್ರ ಈ ವಾರವೇ ಹಾಕಿ. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗಕ್ಕಾದರೂ ಸರಿ, ಸಿಗಲೇಬೇಕೆಂಬ ಹಟವಿಲ್ಲದ ಕೆಲಸವೊಂದಕ್ಕೆ ಹಾಕಿ. ಸಂದರ್ಶನಕ್ಕೆ ಕರೆದರೆ ಹೋಗಿ, ಕೇಳಿದ ಪ್ರಶ್ನೆಗಳನ್ನು ಹೊರಬಂದ ತಕ್ಷಣ ಬರೆದಿಟ್ಟುಕೊಳ್ಳಿ.

ಇಷ್ಟಾಗಿಯೂ ಎರಡು ವಾರ ಮೀರಿ ನಿದ್ರೆ, ಊಟ ಸೇರದಿದ್ದರೆ ಅಥವಾ ತರಗತಿಗೆ ಹೋಗುವುದೇ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.