ಕಣ್ಣಿನ ಜಾಗದಲ್ಲಿ ಹುಣಸೆಕಾಯಿ!

ಪ್ರಶ್ನೆ: ಮಗಳು ಇಲ್ಲೇ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಾಳೆ. ಮೊನ್ನೆ ಒಂದು ಹೆಂಗಸಿನ ಚಿತ್ರ ಬರೆದಿದ್ದಾಳೆ: ಬೆರಳೆಲ್ಲ ಬೇರು, ಹೊಟ್ಟೆಯೊಳಗೆ ಕೆರೆ, ಕಣ್ಣಿನ ಜಾಗದಲ್ಲಿ ಹುಣಸೆಕಾಯಿ. ಇದಕ್ಕೇನರ್ಥ ಸಾರ್? ಮನಸ್ಸಿಗೇನಾದ್ರೂ ಹಚ್ಚಿಕೊಂಡಿದ್ದಾಳಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಗಾಬರಿ ಬೀಳಬೇಡಿ. ಇದು ಸರ್ರಿಯಲಿಸಂ ದಾರಿ, ಅಂದ್ರೆ ತರ್ಕ ಬಿಟ್ಟು ಕನಸಿನಂಥ ಚಿತ್ರ ಬರೆಯುವ ಕಲಾಪಂಥ. 1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆಟನ್ ಇದರ ಪ್ರಣಾಳಿಕೆ ಹೊರತಂದರು. ಈ ಪಂಥದ ಚಿತ್ರಕಾರ ಆಂದ್ರೆ ಮಾಸನ್ ಅಂತೂ ಯೋಚನೆ ಬದಿಗಿಟ್ಟು ಕೈ ಹೋದತ್ತ ಗೆರೆ ಎಳೆಯುತ್ತಿದ್ದರು, ಆ ಗೆರೆಗಳ ಸಿಕ್ಕಿನಲ್ಲೇ ದೇಹದ ತುಂಡುಗಳು ಮೂಡುತ್ತಿದ್ದವು. ಹಾಗಾಗಿ ಬೇರು ಅಂದ್ರೆ ಇದು, ಕೆರೆ ಅಂದ್ರೆ ಅದು ಅಂತ ಪಂಚಾಂಗ ನೋಡಿದಂತೆ ಅರ್ಥ ಹೇಳೋಕಾಗಲ್ಲ, ಹಾಗೆ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಬೆರಳು ಎಲ್ಲಿ ಮುಗಿದು ಬೇರು ಎಲ್ಲಿ ಶುರುವಾಗಿದೆ ನೋಡಿ. ಉಗುರು ಇನ್ನೂ ಉಳಿದಿದೆಯಾ? ಚಿತ್ರದ ಗಮ್ಮತ್ತು ಆ ಕೂಡುವ ಜಾಗದಲ್ಲೇ ಜಾಸ್ತಿ. ಮಗಳ ಮನಸ್ಸಿನ ಬಗ್ಗೆ ಅನುಮಾನವಿದ್ದರೆ ಅವಳನ್ನೇ ಕೇಳಿ, ಮೊದಲು ಯಾವ ಗೆರೆ ಎಳೆದಳು ಅಂತಲೂ ಕೇಳಿ.